ಬೆನ್ನು ತಿರುಗಿಸಿ ಕುಳಿತ ತಾಯಿ

ನಾಗನೂರ
೨೦ ನವೆಂಬರ್ ೨೦೨೩

ವಿಜೂ,

ಫೋನ್ ಮಾಡಿದರೆ "ಕ್ಲಾಸಿನ್ಯಾಗ ಅದೇನಿ, ಆಮ್ಯಾಲೆ ಮಾಡ್ತೇನಿ" ಅನ್ನುತ್ತೀ. ಆ ಆಮೇಲೆ ಬಂದದ್ದನ್ನು ನಾನಿನ್ನೂ ಕಂಡಿಲ್ಲ. ಕಾಗದಕ್ಕೆ ಕ್ಲಾಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೊಣ್ಣೂರ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು, ನನ್ನ ಅಕ್ಷರ ಓದಲು ನಿನಗೆ ಕಷ್ಟವಾಗದು.

ದೀಪಾವಳಿ ಪಾಡ್ಯದ ಹಾಡಕಿ ಹತ್ತರಗಿಯಲ್ಲಿತ್ತು. ಎದುರಿಗೆ ಹುಕ್ಕೇರಿಯ ಪರಶುರಾಮ. ನಿನ್ನ ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೀಯಲ್ಲ, ಹರದೇಶಿ ಮೇಳದವರು ಗಂಡು ಹೆಚ್ಚು ಅಂತ ಹಾಡಬೇಕು, ನಾಗೇಶಿ ಮೇಳದವರು ಹೆಣ್ಣು ಹೆಚ್ಚು ಅಂತ ಹಾಡಬೇಕು, ಸವಾಲಿಗೆ ಪುರಾಣದಿಂದಲೇ ಜವಾಬು ಕೊಡಬೇಕು, ಆಧಾರ ತೋರಿಸಲಾರದವರು ಬಾರಿಸುವ ದಪ್ಪು ಕೆಳಗಿಟ್ಟು ಗೆದ್ದವರಿಗೆ ಒಪ್ಪಿಸಬೇಕು ಅಂತ. ಓದಲು ಬಹಳ ಚೆಂದ. ಸಭೆಯ ನಡುವೆ ನಿಂತವಳಿಗೆ ಅಷ್ಟು ಚೆಂದವಲ್ಲ.

ಪರಶುರಾಮ ಮೀಸೆ ತೀಡಿ ಕೇಳಿದ: "ಏನವಾ ನಾಗೇಶಿ, ನಿಮ್ಮ ಆದಿಶಕ್ತಿ ಅಷ್ಟ ದೊಡ್ಡಾಕಿ ಇದ್ರ ವೇದ ಬ್ರಹ್ಮನ ಬಾಯಾಗ ಯಾಕ ಬಂತು? ಶಂಖ ವಿಷ್ಣುನ ಕೈಯಾಗ, ಡಮರು ಶಿವನ ಕೈಯಾಗ. ಆಕಿ ಕಡೆ ದನಿ ಮಾಡಾಕ ಏನೈತಿ?"

ಅವ್ವ ಕಲಿಸಿದ ಹಾಡುಗಳಲ್ಲಿ ಇದಕ್ಕೆ ಜವಾಬಿಲ್ಲ. ಆದರೆ ಅವ್ವ ಸತ್ತ ಮೇಲೆ ನಾನು ಒಂದು ಕಥೆ ಕಟ್ಟಿಟ್ಟಿದ್ದೆ, ಯಾರಿಗೂ ಹೇಳಿರಲಿಲ್ಲ. ಅದನ್ನೇ ಹಾಡಿದೆ.

ಆದಿಶಕ್ತಿ ಮೂವರನ್ನು ಹಡೆದಳು. ಮೂರು ಕೂಸೂ ಅಳಲಿಲ್ಲ. ಹುಟ್ಟಿದ ಕೂಸು ಅಳದಿದ್ದರೆ ಹಡೆದವಳ ಜೀವ ತಡೆಯುತ್ತದೆಯೇ? ರೊಟ್ಟಿ ಮುರಿದ ಹಾಗೆ ತನ್ನ ದನಿಯನ್ನೇ ಮುರಿದು ಮೂರು ಪಾಲು ಮಾಡಿದಳು. ಒಂದು ಪಾಲು ಬ್ರಹ್ಮನ ವೇದವಾಯಿತು, ಒಂದು ವಿಷ್ಣುವಿನ ಶಂಖ, ಇನ್ನೊಂದು ಶಿವನ ಡಮರು. ತನಗೆ ಅಂತ ಚೂರೂ ಇಟ್ಟುಕೊಳ್ಳಲಿಲ್ಲ. ಮಕ್ಕಳು ದೊಡ್ಡವರಾಗಿ ಸಭೆ ನಡೆಸಿದರು. ಬಾಗಿಲಿಗೆ ಬಂದು ನಿಂತ ತಾಯಿಯನ್ನು ನೋಡಿ, "ಯಾವಾಕಿ ಈ ಮೂಕಿ? ಹೊರಗ ನಿಲ್ಲಸ್ರಿ" ಅಂದರು. ಅವಳು ಬಯ್ಯಲಿಲ್ಲ. ಬಯ್ಯಲು ದನಿ ಎಲ್ಲಿದೆ? ಅವರಿಗೆ ಬೆನ್ನು ತಿರುಗಿಸಿ ಕುಳಿತಳು. ಇವತ್ತಿಗೂ ಹಾಗೇ ಕುಳಿತಿದ್ದಾಳೆ. ಲೋಕ ಮಾಡುವ ಪೂಜೆಯೆಲ್ಲ ಸಲ್ಲುತ್ತಿರುವುದು ಅವಳ ಬೆನ್ನಿಗೆ.

ವಿಜೂ, ನೀನು ಆ ಸಭೆ ನೋಡಬೇಕಿತ್ತು. ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪರಶುರಾಮನ ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗಾಗಿತ್ತು. ಆಗ ಅವನು ಕೊನೆಯ ಅಸ್ತ್ರ ಬಿಟ್ಟ. "ಯಾವ ಪುರಾಣದಾಗ ಐತಿ? ಆಧಾರ ತಗಿ!"

ನಾನು ಕಟ್ಟಿದ್ದು ಅಂತ ಹೇಳಬಹುದಿತ್ತು. ಹೇಳಿದ್ದರೆ ಅಲ್ಲೇ ದಪ್ಪು ಇಡಬೇಕಿತ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ: "ನಮ್ಮವ್ವ ಶೆಟ್ಟೆವ್ವ ಹಾಡ್ತಿದ್ಲು. ಗೋಕಾಕ ಕಾಲೇಜಿನ ವಿಜಯಶ್ರೀ ಮೇಡಂ ಬರಕೊಂಡಾರ, ಅವರ ಪುಸ್ತಕದ ಎರಡನೇ ಭಾಗದಾಗ ಬರತೈತಿ."

ಪಂಚರ ಹಿರಿಯ ಉದ್ದಪ್ಪ ಕಾಕಾ ಉಗಾದಿಯವರೆಗೆ ಗಡುವು ಕೊಟ್ಟಿದ್ದಾನೆ. ಹುಕ್ಕೇರಿಯ ಹಾಡಕಿಯಲ್ಲಿ ಆಧಾರ ತೋರಿಸಬೇಕು.

ಎರಡನೇ ಭಾಗ ಹೇಗೂ ಬರೆಯುತ್ತಿದ್ದೀಯಲ್ಲ. ಇದೊಂದು ಕಥೆ ಅವ್ವನ ಹೆಸರಲ್ಲಿ ಸೇರಿಸು. ಅಚ್ಚಾಗುವುದು ತಡವಾದರೆ, ಸೇರಿಸಿದ್ದೇನೆ ಅಂತ ಕಾಲೇಜಿನ ಕಾಗದದ ಮೇಲೆ ಎರಡು ಸಾಲು ಸಾಕು. ದಪ್ಪು ಅವ್ವನದು, ಅವಳ ಅವ್ವನದು. ಅದು ಹೋದರೆ ನಾನು ಕಬ್ಬಿನಲ್ಲಿ ಕಳೆ ತೆಗೆಯುವ ಒಬ್ಬ ಹೆಂಗಸು, ಅಷ್ಟೇ.

ನಿನ್ನ ದಾರಿ ಕಾಯುವ
ನೇತ್ರಾ

*

ಗೋಕಾಕ
೩ ಡಿಸೆಂಬರ್ ೨೦೨೩

ಪ್ರೀತಿಯ ನೇತ್ರಾ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ನಕ್ಕೆ, ಆ ಹುಳಿ ಮಜ್ಜಿಗೆಗೆ. ಎರಡನೇ ಸಲ ನಗು ಬರಲಿಲ್ಲ.

ಕಥೆ ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಆದರೆ ಅದು ನೀನು ಕಟ್ಟಿದ್ದು. ನಾನು ಮಾಡುವ ಕೆಲಸ ಬೇರೆ. ಜನ ತಲೆಮಾರುಗಳಿಂದ ಹೇಳುತ್ತ ಬಂದದ್ದನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳುತ್ತೇನೆ, ಅದು ಎಲ್ಲಿಂದ ಬಂತು, ಹೇಗೆ ಬದಲಾಯಿತು ಅಂತ ನೋಡುತ್ತೇನೆ. ಪುರಾಣಕ್ಕೆ ಹೆತ್ತವರು ಇರುವುದಿಲ್ಲ ನೇತ್ರಾ. ಹೆತ್ತವರು ಗೊತ್ತಿದ್ದರೆ ಅದು ಕವಿತೆ.

ನಿಮ್ಮವ್ವ ಹಾಡಿದ್ದೆಲ್ಲ ನನ್ನ ಬಳಿ ಟೇಪಿನಲ್ಲಿದೆ. ಇದು ಅದರಲ್ಲಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಒಂದು ಕಥೆ ಸೇರಿಸಿದರೆ, ನಾಳೆ ಯಾರೋ ಒಬ್ಬರು ಅದನ್ನು ಹಿಡಿದರೆ, ಶೆಟ್ಟೆವ್ವ ಹಾಡಿದ ಉಳಿದ ಹಾಡುಗಳನ್ನೂ ಜನ ಸುಳ್ಳು ಅನ್ನುತ್ತಾರೆ. ನಿನಗೆ ಅದು ಬೇಕೇ?

ಒಂದು ಮಾತು ಹೇಳಲೇ? ಎದ್ದು ನಿಂತು "ನಾನೇ ಕಟ್ಟೇನಿ" ಅನ್ನು. ನಾಚಿಕೆ ಯಾಕೆ? ದೊಡ್ಡ ದೊಡ್ಡವರು ಹೊಸ ಕಥೆ ಕಟ್ಟಿದ್ದಾರೆ.

ಚಳಿಗಾಲ, ಗಂಟಲು ಜೋಪಾನ.

ಪ್ರೀತಿಯಿಂದ,
ವಿಜಯಶ್ರೀ

*

ನಾಗನೂರ
೧೬ ಜನವರಿ ೨೦೨೪

ವಿಜೂ,

ಸಂಕ್ರಾಂತಿಯ ಎಳ್ಳು ಕಾಗದದಲ್ಲಿ ಕಟ್ಟಿ ಕಳಿಸೋಣ ಅಂದುಕೊಂಡೆ. ಮನಸ್ಸಾಗಲಿಲ್ಲ.

ದೊಡ್ಡ ದೊಡ್ಡವರು ಕಟ್ಟಿದ್ದಾರೆ ಅಂದೆಯಲ್ಲ, ಅವರು ಯಾರೂ ದಪ್ಪು ಹಿಡಿದು ಹತ್ತರಗಿಯ ಸಭೆಯಲ್ಲಿ ನಿಂತಿರಲಿಲ್ಲ. ಪರಶುರಾಮ ಹಳೇ ಕಥೆಗೆ ನಾಲ್ಕು ನುಡಿ ತಾನೇ ಸೇರಿಸಿ ಹಾಡಿದರೆ ಅದು ಪಾಂಡಿತ್ಯ. ನಾಗನೂರಿನ ನೇತ್ರಾ ಸೇರಿಸಿದರೆ ಅವಳು ಸುಳ್ಳುಬುರುಕಿ. ಇದು ನಿನ್ನ ಪುಸ್ತಕದ ಯಾವ ಪುಟದಲ್ಲಿದೆ?

ಇನ್ನೊಂದು ಕೇಳುತ್ತೇನೆ, ಸಿಟ್ಟಾಗಬೇಡ. ನೀನು ಬರೆದುಕೊಂಡ ಹಳೇ ಕಥೆಗಳನ್ನು ಮೊದಲ ಸಲ ಹೇಳಿದವಳು ಯಾರು? ಯಾವಳೋ ಒಬ್ಬಳು ರೊಟ್ಟಿ ಬಡಿಯುತ್ತ ಹೇಳಿರಬೇಕಲ್ಲ. ಆಗ ಅವಳಿಗೆ ಯಾರೂ ಆಧಾರ ಕೇಳಲಿಲ್ಲ, ಅವಳ ಪುಣ್ಯ. ಎಲ್ಲ ಪುರಾಣವೂ ಒಂದು ದಿನ ಹೊಸದೇ ಆಗಿತ್ತು ವಿಜೂ. ಅವಳ ಹೆಸರು ನಿನಗೆ ಗೊತ್ತಿಲ್ಲ ಅನ್ನುವುದೇ ಅವಳ ದೊಡ್ಡ ಅರ್ಹತೆ. ನನ್ನ ತಪ್ಪು ಅಂದರೆ ನನ್ನ ಹೆಸರು ನಿನಗೆ ಗೊತ್ತಿದೆ.

ಅವ್ವ ಇದನ್ನು ಹಾಡಲಿಲ್ಲ, ಖರೆ. ಅವ್ವನ ಗಂಟಲಿಗೆ ಗಂಟಾಗಿ ದನಿ ಹೋದ ವರ್ಷ ನೀನು ಬಂದಿದ್ದೆ. ರೆಕಾರ್ಡರ್ ಹೊರಗೆ ತೆಗೆದೆ, ಅವಳನ್ನು ನೋಡಿದೆ, ಮತ್ತೆ ಚೀಲಕ್ಕೆ ಹಾಕಿದೆ. ನೀನು ಹೋದ ಮೇಲೆ ಆದದ್ದು ನಿನಗೆ ಗೊತ್ತಿಲ್ಲ. ಕಟ್ಟೆಯ ಮೇಲೆ ಯಲ್ಲಪ್ಪ ಮಾವ ಮತ್ತು ಮೇಳದವರು ಮುಂದಿನ ಹಾಡಕಿಯ ಮಾತಾಡುತ್ತಿದ್ದರು. ಎಲ್ಲರಿಗೂ ಹಾಡು ಕಲಿಸಿದವಳು ಅವ್ವ. ಅವಳು ಬಂದು ನಿಂತು ಕೈಸನ್ನೆ ಮಾಡಿ ಏನೋ ಹೇಳಹೋದಳು. ಮಾವ ಅಂದ: "ಅಕ್ಕಾ, ನೀ ಒಳಗ ಹೋಗಿ ಕುಂದ್ರು. ಇದು ಹಾಡಾವ್ರ ಮಾತು." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಅವನು. ಅದಕ್ಕೇ ಇನ್ನೂ ಕೆಟ್ಟದ್ದು.

ಅವ್ವ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತಳು. ಸಾಯುವತನಕ ಕಟ್ಟೆಯ ಕಡೆ ತಿರುಗಲಿಲ್ಲ. ರೊಟ್ಟಿಯನ್ನೂ ಹಾಗೇ ಕೂತು ತಿಂದಳು. ಮಾವ ಬಂದು ಅತ್ತರೂ ತಿರುಗಲಿಲ್ಲ. ಅವಳು ಹಾಡಲಿಲ್ಲ, ಮಾಡಿ ತೋರಿಸಿದಳು. ನಾನು ಅದಕ್ಕೆ ನುಡಿ ಹಚ್ಚಿದೆ. ಈಗ ಹೇಳು, ಕಥೆ ಅವಳದಲ್ಲವೇ?

ಎರಡು ಸಾಲು ಕೇಳಿದ್ದೇನೆ. ಆಸ್ತಿ ಕೇಳಿಲ್ಲ.

ನೇತ್ರಾ

*

ಗೋಕಾಕ
೨೧ ಫೆಬ್ರವರಿ ೨೦೨೪

ನೇತ್ರಾ,

ತಡವಾಯಿತು, ಪರೀಕ್ಷೆಗಳು. ಶೆಟ್ಟೆವ್ವನ ವಿಷಯ ಓದಿ ಅತ್ತೆ. ನಂಬುತ್ತೀಯೋ ಬಿಡುತ್ತೀಯೋ.

ಆದರೂ ಆಗುವುದಿಲ್ಲ. ನೀನು ಹೇಳಿದ್ದು ನಿನ್ನ ಮನೆಯ ದುಃಖ. ಅದನ್ನು ಜನಪದದ ಪುರಾಣ ಅಂತ ನಾನು ರುಜು ಹಾಕಿದರೆ ಇಪ್ಪತ್ತು ವರ್ಷ ಊರೂರು ಅಲೆದು ಮಾಡಿದ ಕೆಲಸಕ್ಕೆ ನಾನೇ ಮಣ್ಣು ಹಾಕಿದ ಹಾಗೆ. ಸ್ನೇಹಕ್ಕಾಗಿ ಬೇರೆ ಏನಾದರೂ ಕೇಳು.

ವಿಜಯಶ್ರೀ

*

ನಾಗನೂರ
೧೪ ಏಪ್ರಿಲ್ ೨೦೨೪

ಡಾ. ವಿಜಯಶ್ರೀ ಮೇಡಂ ಅವರಿಗೆ,

ಹುಕ್ಕೇರಿಯಲ್ಲಿ ದಪ್ಪು ಇಟ್ಟು ಬಂದೆ. ನೀನು ಹೇಳಿದ ಹಾಗೆಯೇ ಎದ್ದು ನಿಂತು "ಈ ಕಥಿ ನಾನ ಕಟ್ಟೇನಿ" ಅಂದೆ. ಜನ ಚಪ್ಪಾಳೆ ತಟ್ಟುತ್ತಾರೆ ಅಂತ ನಿನಗೆ ಅನಿಸಿತ್ತೇನೋ. ಒಬ್ಬ ಹಿಂದಿನಿಂದ ಕೂಗಿದ: "ನಾಳೆ ದೇವರನ್ನೂ ನಾನ ಹಡದೇನಿ ಅಂತಿ ಬಿಡು!" ಸಭೆಯೆಲ್ಲ ನಕ್ಕಿತು. ಹತ್ತರಗಿಯಲ್ಲಿ ಕಣ್ಣೀರು ಹಾಕಿದ ಹೆಣ್ಣುಮಕ್ಕಳೂ ನಕ್ಕರು. ಅವರಿಗೆ ಮೋಸವಾದ ಹಾಗೆ ಅನಿಸಿರಬೇಕು, ಸುಳ್ಳಿಗೆ ಅತ್ತೆವಲ್ಲ ಅಂತ.

ಉದ್ದಪ್ಪ ಕಾಕಾ ದಪ್ಪು ತೆಗೆದುಕೊಳ್ಳುವಾಗ ಎರಡೂ ಕೈಯಲ್ಲಿ ತೆಗೆದುಕೊಂಡ, ಅಷ್ಟು ಮರ್ಯಾದೆ ಮಾಡಿದ. ಪರಶುರಾಮನಿಗೆ ಕೊಟ್ಟ. ಅವನ ಮನೆಯ ಗೋಡೆಗೆ ಅದು ನಾಲ್ಕನೆಯದಂತೆ. ಯಲ್ಲಪ್ಪ ಮಾವ ಬಸ್ಸಿನಲ್ಲಿ ನನ್ನ ಬಾಜೂ ಕೂರಲಿಲ್ಲ.

ಸ್ನೇಹಕ್ಕಾಗಿ ಬೇರೆ ಏನಾದರೂ ಕೇಳು ಅಂದಿದ್ದೆ. ಕೇಳುವುದು ಏನೂ ಇಲ್ಲ.

ಇತಿ,
ನೇತ್ರಾ

*

ಗೋಕಾಕ
೯ ಅಕ್ಟೋಬರ್ ೨೦೨೪

ನೇತ್ರಾ,

ಇಷ್ಟು ತಿಂಗಳು ಬರೆಯಲು ಕೈ ಬರಲಿಲ್ಲ. ಈಗ ಬರೆಯದೆ ಇರಲಾರೆ.

ನನ್ನ ವಿದ್ಯಾರ್ಥಿನಿ ಸುಮನ್ ಈ ಮಳೆಗಾಲ ಹುಕ್ಕೇರಿ ತಾಲೂಕಿನಲ್ಲಿ ಕಥೆ ಸಂಗ್ರಹಿಸಿದಳು. ಹತ್ತರಗಿಯ ಕಾಶೆವ್ವ ಅನ್ನುವ ಮುದುಕಿ ಅವಳಿಗೆ ಒಂದು ಕಥೆ ಹೇಳಿದ್ದಾಳೆ. ದನಿಯನ್ನು ಮೂರು ಮಕ್ಕಳಿಗೆ ಹಂಚಿದ ಆದಿಶಕ್ತಿಯ ಕಥೆ. ಯಾರಿಂದ ಕೇಳಿದಿರಿ ಅಂದರೆ, "ನಮ್ಮತ್ತಿ ಹೇಳ್ತಿದ್ಲವ್ವ, ಅವರತ್ತಿ ಆಕಿಗಿ ಹೇಳಿದ್ಲಂತ" ಅನ್ನುತ್ತಾಳೆ. ಟೇಪಿನಲ್ಲಿದೆ. ಸುಮನ್‌ಗೆ ನಿನ್ನ ವಿಷಯ ಏನೂ ಗೊತ್ತಿಲ್ಲ, ಕುಣಿಯುತ್ತ ಬಂದಳು. ಆಮೇಲೆ ಅದೇ ಕಥೆ ಬೇರೆ ಎರಡು ಊರಿನಲ್ಲೂ ಸಿಕ್ಕಿದೆ.

ಕಾಶೆವ್ವನ ಕಥೆಯ ಕೊನೆ ಮಾತ್ರ ಬೇರೆ. ಮೂಕಿ ತಾಯಿ ಮುನಿದು ತಿರುಗಿ ಕುಳಿತಳು, ಮೂವರು ಮಕ್ಕಳಿಗೂ ಕನಿಕರ ಬಂತು, ತಮ್ಮ ಮಾತಿನಲ್ಲಿ ಒಂದನ್ನು ತೆಗೆದು ತಾಯಿಗೆ ಕೊಟ್ಟರು. ಆ ಮಾತು "ಹೂಂ". ತಾಯಿ ಮುಖ ತಿರುಗಿಸಿ ಹೂಂ ಅಂದಳು. ಅಂದಿನಿಂದ ಮಕ್ಕಳು ಏನು ಹೇಳಿದರೂ ತಾಯಂದಿರು ಹೂಂ ಅನ್ನುತ್ತಾರಂತೆ.

ಎರಡನೇ ಭಾಗ ಮೂಡಲಗಿಯ ಪ್ರೆಸ್ಸಿನಲ್ಲಿದೆ. ಇದನ್ನು ಸೇರಿಸುತ್ತಿದ್ದೇನೆ. ನನಗೆ ಗೊತ್ತಿರುವುದನ್ನು ನಾನು ಬರೆಯುವಂತಿಲ್ಲ, ಹೇಳಿದವರು ಹೇಳಿದ್ದನ್ನು ಬರೆಯಬೇಕು. ನಿನಗೆ ಸಂತೋಷವಾಗಬಹುದು ಅಂತ ತಿಳಿಸುತ್ತಿದ್ದೇನೆ. ನಿನ್ನ ಕಥೆ ಬದುಕಿತು.

ವಿಜಯಶ್ರೀ

*

ನಾಗನೂರ
೫ ನವೆಂಬರ್ ೨೦೨೪

ವಿಜಯಶ್ರೀ,

ಸಂತೋಷವಾಯಿತು. ಎಷ್ಟು ಸಂತೋಷ ಅಂದರೆ ನಿನ್ನ ಕಾಗದ ಹಿಡಿದುಕೊಂಡು ಹಿತ್ತಿಲಲ್ಲಿ ವಾಂತಿ ಮಾಡಿದೆ.

ಕಾಶೆವ್ವ ಹತ್ತರಗಿಯ ಹಾಡಕಿಯಲ್ಲಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ನನ್ನ ಗದ್ದ ಹಿಡಿದು "ಎಷ್ಟ ಚಂದ ಹಾಡಿದಿ ಮಗಳ" ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಮೂವರು ಗಂಡುಮಕ್ಕಳು, ತಿಂಗಳಿಗೆ ಒಬ್ಬರ ಮನೆಯಲ್ಲಿ ಊಟ. ಬೆನ್ನು ತಿರುಗಿಸಿ ಕುಳಿತ ತಾಯಿಯ ಕಥೆಯನ್ನು ಆ ಮನೆಗಳಲ್ಲಿ ಹೇಗೆ ಹೇಳುತ್ತಾಳೆ? ಮುಖ ತಿರುಗಿಸಲೇಬೇಕು, ರೊಟ್ಟಿ ಬೇಕಲ್ಲ. ಅತ್ತೆ ಹೇಳಿದ್ದು ಅಂದಳು, ಯಾಕೆಂದರೆ ಸುಳ್ಳಿ ಅನ್ನಿಸಿಕೊಂಡ ನೇತ್ರಾ ಹೇಳಿದ್ದು ಅಂದರೆ ಯಾರೂ ಕೇಳುವುದಿಲ್ಲ. ಅವಳ ಸುಳ್ಳು ನನಗೆ ಅರ್ಥವಾಗುತ್ತದೆ.

ನಿನ್ನದು ಅರ್ಥವಾಗುವುದಿಲ್ಲ. ಸುಳ್ಳು ಹೇಳು ಅಂತ ನಾನು ಕೇಳಿದಾಗ ನಿನಗೆ ಸತ್ಯ ಬೇಕಿತ್ತು. ಈಗ ಸತ್ಯ ಕೈಯಲ್ಲಿದೆ, ನಿನಗೆ ಟೇಪು ಬೇಕು. ಬೇಲಿಯೇ ಎದ್ದು ಹೊಲ ಮೇದರೆ ಯಾರಿಗೆ ಹೇಳೋಣ?

ನನ್ನ ಹೆಸರು ಬೇಡ, ಬಿಡು. ಹೆಸರು ಹಾಕಿದರೆ ಕಥೆ ಸಾಯುತ್ತದೆ ಅಂತ ಹುಕ್ಕೇರಿಯಲ್ಲೇ ಕಲಿತೆ. ಆದರೆ ಆ ತಾಯಿಯನ್ನು ತಿರುಗಿಸಬೇಡ. ಕೊನೆಯನ್ನು ಇದ್ದ ಹಾಗೆ ಹಾಕು. ಅವಳು ಹೂಂ ಅನ್ನಲಿಲ್ಲ ವಿಜೂ. ನಾನು ಆ ಕೋಣೆಯಲ್ಲಿದ್ದೆ. ಮಾವ ಕಾಲು ಹಿಡಿದರೂ ಅವಳು ಹೂಂ ಅನ್ನಲಿಲ್ಲ.

ಇದೊಂದು ನಡೆಸಿಕೊಡು.

ನೇತ್ರಾ

*

ಗೋಕಾಕ
೧೧ ಜನವರಿ ೨೦೨೫

ಪ್ರೀತಿಯ ನೇತ್ರಾ,

ನಿನ್ನ ಸಿಟ್ಟು ನ್ಯಾಯವೇ. ಆದರೆ ಹೇಳಿದವಳ ಕಥೆಯ ಕೊನೆಯನ್ನು ನಾನು ತಿದ್ದಲಾರೆ. ತಿದ್ದಿದರೆ ನಾನೂ ಕಥೆ ಕಟ್ಟುವವಳೇ ಆಗುತ್ತೇನೆ.

ಒಂದು ಮಾತು ಸಮಾಧಾನದಿಂದ ಯೋಚಿಸು. ನೀನು ಕಟ್ಟಿದೆ ಅಂತ ನಿನಗೆ ಅನಿಸುತ್ತಿರಬಹುದು. ಇಷ್ಟು ಆಳದ ಕಥೆ ಒಬ್ಬರ ತಲೆಯಿಂದ ಹೀಗೆ ಹುಟ್ಟಿಬಿಡುತ್ತದೆಯೇ? ಚಿಕ್ಕವಳಿದ್ದಾಗ ಎಲ್ಲೋ ಕೇಳಿ ಮರೆತಿರಬೇಕು, ದುಃಖದಲ್ಲಿ ಅದು ಮೇಲೆ ಬಂದಿರಬೇಕು. ಕಾಶೆವ್ವನ ಅತ್ತೆ ನಿಜವಾಗಿಯೂ ಹೇಳಿರಬಹುದು. ನನ್ನ ಮುನ್ನುಡಿಯಲ್ಲಿ ಈ ವಿಷಯ ಚರ್ಚಿಸಿದ್ದೇನೆ, ನಿನ್ನ ಹೆಸರಿಲ್ಲದೆ. ವಿಶ್ವವಿದ್ಯಾಲಯದವರು ಮೆಚ್ಚಿದ್ದಾರೆ.

ನಿನಗಾಗಿ ಪ್ರೆಸ್ಸಿನವರನ್ನು ಕಾಡಿ ಒಂದು ಅಡಿಟಿಪ್ಪಣಿ ಸೇರಿಸಿದೆ. ಬೆನ್ನು ತಿರುಗಿಸಿದ ಕೊನೆಯೂ ಇದೆ ಅಂತ ಅದರಲ್ಲಿದೆ. ನನ್ನಿಂದ ಆಗುವುದು ಇಷ್ಟೇ. ಪುಸ್ತಕ ಕಳಿಸುತ್ತೇನೆ.

ಎಂದಿನಂತೆ,
ನಿನ್ನ ವಿಜೂ

*

ನಾಗನೂರ
೩ ಏಪ್ರಿಲ್ ೨೦೨೫

ವಿಜಯಶ್ರೀ,

ಪುಸ್ತಕ ಬಂದಿತ್ತು. ಕಟ್ಟು ಬಿಚ್ಚಿರಲಿಲ್ಲ. ಈ ಉಗಾದಿಗೆ ಹುಕ್ಕೇರಿಗೆ ಹೋದೆ, ಹಾಡಲು ಅಲ್ಲ, ಕೇಳಲು. ಹಾಡುವ ಚಟ ಬಿಟ್ಟರೂ ಕೇಳುವ ಚಟ ಬಿಡುವುದಿಲ್ಲ. ಹೆಣ್ಣುಮಕ್ಕಳ ನಡುವೆ ಹಿಂದೆ ಕೂತೆ.

ನಾಗೇಶಿ ಕಡೆ ಗೌರವ್ವ ಅಂತ ಹೊಸ ಹುಡುಗಿ, ಗಂಟಲು ಚೆನ್ನಾಗಿದೆ. ತಾಯಿ ದೊಡ್ಡವಳು ಅಂತ ಹಾಡಿದಳು. ಪರಶುರಾಮ ಎದ್ದ. ಅವನ ಕೈಯಲ್ಲಿ ನಿನ್ನ ಪುಸ್ತಕ. ನನ್ನ ಕಥೆ ಹಾಡಿದ, ಮೊದಲಿನಿಂದ. ನಾನು ಕಟ್ಟಿದ ನುಡಿಗಳೇ ಅರ್ಧ. ಚೆನ್ನಾಗಿಯೂ ಹಾಡಿದ, ಅದನ್ನು ಹೇಳದಿದ್ದರೆ ಪಾಪ ಬರುತ್ತದೆ. ಕೊನೆಗೆ ಬಂದು ಪುಸ್ತಕ ಎತ್ತಿ ಹಿಡಿದ: "ನೋಡ್ರಿ ಕೂಡಿದ ದೈವದವರ, ತಾಯಿ ದೊಡ್ಡಾಕಿ ಇರಬೇಕ. ಆದ್ರ ಆಕಿ ಬಾಯಿಗಿ ಮಾತ ಕೊಟ್ಟಾವ್ರು ಯಾರು? ಗಂಡಮಕ್ಕಳು! ಕೊಟ್ಟಾವ ದೊಡ್ಡಾವೋ ಇಸಗೊಂಡಾಕಿ ದೊಡ್ಡಾಕಿಯೋ? ಆಧಾರ ಬೇಕಂದ್ರ ಇಲ್ಲೈತಿ, ಪುಟ ತಗದ ತೋರಸ್ತೇನಿ."

ಗೌರವ್ವ ಜವಾಬಿಗಾಗಿ ತನ್ನ ಮೇಳದವರ ಮುಖ ನೋಡಿದಳು. ಹೆಣ್ಣು ಹೆಚ್ಚು ಅಂತ ನಾನು ಕಟ್ಟಿದ ಕಥೆಯಿಂದ ಅವನು ಗಂಡು ಹೆಚ್ಚು ಅಂತ ಗೆಲ್ಲುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ಅದು ಹಂಗಲ್ಲ! ಆಕಿ ತಿರುಗಲಿಲ್ಲ! ಹೂಂ ಅನ್ನಲಿಲ್ಲ!"

ಸಭೆ ತಿರುಗಿ ನೋಡಿತು. ಉದ್ದಪ್ಪ ಕಾಕಾ ನನ್ನ ಗುರುತು ಹಿಡಿದ. ಪಾಪ, ಮೆತ್ತಗೇ ಕೇಳಿದ. "ತಡೀವಾ, ನೋಡೋಣು." ಕನ್ನಡಕ ಹಾಕಿಕೊಂಡು ನಿನ್ನ ಪುಸ್ತಕದ ಪುಟ ಓದಿದ. ಆಮೇಲೆ ಬೆರಳು ಕೆಳಗೆ ಜಾರಿಸಿ ಸಣ್ಣ ಅಕ್ಷರ ಓದಿದ, ಎಲ್ಲರಿಗೂ ಕೇಳುವ ಹಾಗೆ: "ಈ ಕಥೆಯ ಇತ್ತೀಚಿನ ಕೃತಕ ರೂಪವೊಂದು ನಾಗನೂರ ಭಾಗದಲ್ಲಿ ಕೇಳಿಬರುತ್ತದೆ. ಅದರಲ್ಲಿ ದೇವಿ ಮುಖ ತಿರುಗಿಸುವುದಿಲ್ಲ. ಮೂಲ ಕಥೆಗೆ ಇದು ಹೊರತಾದುದು."

ಕನ್ನಡಕ ತೆಗೆದ. "ಹ್ವಾದ ವರ್ಷ ನಾನ ಕಟ್ಟೇನಿ ಅಂದಿದ್ದಿ, ಹಳೀದನ್ನ ನಿಮ್ಮ ಕಡೆ ಕೆಡಿಸಿ ಹಾಡ್ತೀರಂತವಾ. ದೊಡ್ಡಾವ್ರು ಬರದಾರ. ಕುಂದ್ರು."

ನೀನು ನನಗಾಗಿ ಮಾಡಿದ್ದು ಅದು ಅಂತ ಗೊತ್ತು. ಪ್ರೆಸ್ಸಿನವರನ್ನು ಕಾಡಿ ಮಾಡಿದ್ದು. ಇನ್ನು ಮುಂದೆ ಯಾರ ಮೇಲಾದರೂ ಪ್ರೀತಿ ಬಂದರೆ ಅವರಿಗೆ ಏನೂ ಮಾಡಬೇಡ. ಕಾಗದ ಬರೆಯಬೇಡ, ಬಂದರೂ ಓದುವುದಿಲ್ಲ.

ಕುಳಿತೆ. ಪಕ್ಕದಲ್ಲಿ ಹಣಮವ್ವ ಅಂತ ಒಬ್ಬ ಮುದುಕಿ, ಒಳ್ಳೆಯವಳು. ಜಮಖಾನೆಯ ತುದಿ ಸರಿಸಿ ಜಾಗ ಮಾಡಿಕೊಟ್ಟಳು, ಎಲೆ ಅಡಿಕೆ ಮಡಿಚಿ ಕೊಟ್ಟಳು. ಬೆನ್ನು ಸವರುತ್ತ ಕಿವಿಯ ಹತ್ತಿರ ಬಂದು ಅಂದಳು: "ಹಳೀ ಕಥಿ ಐತವ್ವ ಅದು, ನಮ್ಮ ಮುತ್ತಜ್ಜಿ ಕಾಲದ್ದು. ಗೊತ್ತಿಲ್ಲಂದ್ರ ಸುಮ್ಮ ಕುಂತ ಕೇಳಿ ಕಲೀಬೇಕು, ನನ್ನ ಮಗಳ."

ನೇತ್ರಾ